ಡಿಸೆಂಬರ್‌ನಲ್ಲಿ ಮುಗಿದ ಮೇ ತಿಂಗಳ ಕಪ್

ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯಾದ ಎಫ್‌ಎ ನಡೆಸುವ ಮಹಿಳಾ ಎಫ್‌ಎ ಕಪ್‌ನ ವಿಜೇತರ ಪಟ್ಟಿಯಲ್ಲಿ 2020–21ರ ಎದುರು ಚೆಲ್ಸಿ ಎಂದಿದೆ. ಅದರ ಕೆಳಗೆ 2021–22, ಅಲ್ಲಿಯೂ ಚೆಲ್ಸಿ. ಒಂದು ತಂಡ ಎರಡು ವರ್ಷ ಸತತವಾಗಿ ಗೆದ್ದಿದೆ, ಅಷ್ಟೇ ತಾನೆ ಎಂದುಕೊಂಡು ಕಣ್ಣು ಮುಂದೆ ಹೋಗುತ್ತದೆ. ಆದರೆ ಆ ಎರಡು ಫೈನಲ್‌ಗಳ ನಡುವೆ ಇದ್ದದ್ದು ಬರೀ 161 ದಿನ. ಮೊದಲನೆಯದು ನಡೆದದ್ದು 2021ರ ಡಿಸೆಂಬರ್ 5ಕ್ಕೆ, ಎರಡನೆಯದು 2022ರ ಮೇ 15ಕ್ಕೆ. ಮೇ ತಿಂಗಳ ಬಿಸಿಲಲ್ಲಿ ಮುಗಿಯಬೇಕಿದ್ದ ಕಪ್ ಏಳು ತಿಂಗಳು ತಡವಾಗಿ, ಇನ್ನೊಂದು ಆಟದ ಋತುವಿನ ನಟ್ಟನಡುವೆ ಮುಗಿಯಿತು. ಆ ಹೊತ್ತಿಗೆ ಮುಂದಿನ ಕಪ್‌ನ ಆರಂಭದ ಸುತ್ತುಗಳು ಆಗಲೇ ನಡೆದುಹೋಗಿದ್ದವು. ಒಂದೇ ಟೂರ್ನಿಯ ಎರಡು ಆವೃತ್ತಿಗಳು ಒಂದರ ಮೇಲೊಂದು ಹತ್ತಿ ಕೂತಿದ್ದ ಕಾಲ ಅದು.

ಕೋವಿಡ್ ಬಂತು, ಎಲ್ಲವೂ ಏರುಪೇರಾಯಿತು ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡಬಹುದು. ಆದರೆ ಅದೇ ಕೋವಿಡ್ ಕಾಲದಲ್ಲಿ ಪುರುಷರ ಎಫ್‌ಎ ಕಪ್ 2021ರ ಮೇ ತಿಂಗಳಲ್ಲೇ ಸರಿಯಾಗಿ ಮುಗಿದಿತ್ತು. ವೈರಸ್ ಒಂದೇ, ಸಂಸ್ಥೆ ಒಂದೇ, ದೇಶ ಒಂದೇ. ಹಾಗಿರುವಾಗ ಒಂದು ಕಪ್ ಮಾತ್ರ ಏಕೆ ನಿಂತಿತು ಎಂಬ ಪ್ರಶ್ನೆಯನ್ನು ಹಿಡಿದು ಹೋದರೆ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನ ಫೈನಲ್‌ಗಿಂತ ಹೆಚ್ಚಿನ ಕತೆ ಕೆಳಗಿನ ಡಿವಿಷನ್‌ಗಳಲ್ಲಿ ಸಿಗುತ್ತದೆ.

ಯಾರು ‘ಎಲೀಟ್’?

ಇಂಥ ಕಪ್‌ನ ಕಟ್ಟೋಣ ಕೆಳಗಿನಿಂದ ಮೇಲಕ್ಕೆ. ಶರತ್ಕಾಲದಲ್ಲಿ ಕೌಂಟಿ ಮಟ್ಟದ ಸಣ್ಣ ಕ್ಲಬ್‌ಗಳು ಅರ್ಹತಾ ಸುತ್ತು ಆಡುತ್ತವೆ. ಅಲ್ಲಿ ಡ್ರಾ ಎತ್ತುವುದು ಪ್ರದೇಶವಾರು, ಬಸ್ ಖರ್ಚು ಉಳಿಯಲಿ ಎಂದು. ಆಮೇಲೆ ನಾಲ್ಕನೇ ದರ್ಜೆಯವರು, ಮೂರನೇ ದರ್ಜೆಯವರು ಬಂದು ಸೇರುತ್ತಾರೆ. ದೊಡ್ಡವರಿಗೆ ಆಗ ಬಾಗಿಲು ತೆರೆಯುತ್ತಿದ್ದದ್ದು ನಾಲ್ಕನೇ ಸುತ್ತಿನಲ್ಲಿ. ಆ ಋತುವಿನಲ್ಲಿ ವುಮೆನ್ಸ್ ಸೂಪರ್ ಲೀಗ್‌ನ 12 ತಂಡ, ಎರಡನೇ ದರ್ಜೆಯಾದ ಚಾಂಪಿಯನ್‌ಶಿಪ್‌ನ 11 ತಂಡ, ಒಟ್ಟು 23. ನಾಲ್ಕನೇ ಸುತ್ತಿಗೆ ಬೇಕಾದದ್ದು 32. ಅಂದರೆ ಕೆಳಗಿನಿಂದ ಗೆದ್ದು ಬಂದವರಿಗೆ ಉಳಿದದ್ದು ಒಂಬತ್ತು ಜಾಗ. ಆ ಒಂಬತ್ತು ಜಾಗ ತುಂಬುವವರೆಗೆ ಮೇಲಿನವರು ಕಪ್‌ಗೆ ಇಳಿಯುವಂತಿಲ್ಲ. ಕೆಳಗಿನ ಒಂದು ಸುತ್ತು ನಿಂತರೆ ಇಡೀ ಯಂತ್ರವೇ ನಿಲ್ಲುತ್ತದೆ. ಲೀಗ್‌ನಲ್ಲಿ ಒಂದು ಪಂದ್ಯ ಮುಂದೂಡಿದರೆ ಉಳಿದವರು ಆಡುತ್ತ ಹೋಗಬಹುದು. ಸೋತವರು ಹೊರಬೀಳುವ ನಾಕೌಟ್‌ನಲ್ಲಿ ಆ ಸೌಲಭ್ಯವಿಲ್ಲ, ಏಕೆಂದರೆ ಮುಂದಿನ ಎದುರಾಳಿ ಯಾರೆಂಬುದೇ ಗೊತ್ತಿರುವುದಿಲ್ಲ.

2020ರ ನವೆಂಬರಿನ ಲಾಕ್‌ಡೌನ್‌ನಲ್ಲಿ ಸರ್ಕಾರ ಆಟಗಳನ್ನು ಎರಡು ಪಾಲು ಮಾಡಿತು. ‘ಎಲೀಟ್’ ಆದರೆ ಆಡಬಹುದು, ಅಲ್ಲದಿದ್ದರೆ ಅಭ್ಯಾಸವನ್ನೂ ಮಾಡುವಂತಿಲ್ಲ. ಪುರುಷರ ಫುಟ್‌ಬಾಲಿನಲ್ಲಿ ಆರನೇ ದರ್ಜೆಯವರೆಗಿನ ಲೀಗ್‌ಗಳು ಎಲೀಟ್ ಪಟ್ಟಿಗೆ ಸೇರಿದವು. ಮಹಿಳೆಯರಲ್ಲಿ ಮೊದಲ ಎರಡು ದರ್ಜೆ ಮಾತ್ರ. ಇದಕ್ಕೆ ಒಂದು ಲೆಕ್ಕಾಚಾರ ಇತ್ತು ಎನ್ನಿ. ಎಲೀಟ್ ಎನಿಸಿಕೊಳ್ಳಬೇಕಾದರೆ ಆಟಗಾರರಿಗೆ ನಿಯಮಿತ ಪರೀಕ್ಷೆ, ವೈದ್ಯಕೀಯ ಸಿಬ್ಬಂದಿ, ಹೊರಗಿನವರ ಸಂಪರ್ಕ ತಪ್ಪಿಸುವ ವ್ಯವಸ್ಥೆ ಬೇಕು. ಮೂರನೇ ದರ್ಜೆಯ ಮಹಿಳಾ ಕ್ಲಬ್‌ಗಳಿಗೆ ಅದನ್ನು ಭರಿಸುವ ಶಕ್ತಿ ಇರಲಿಲ್ಲ. ಆ ಆಟಗಾರ್ತಿಯರು ಹಗಲು ಬೇರೆ ಕೆಲಸ ಮಾಡಿ ಸಂಜೆ ಬಾಡಿಗೆ ಮೈದಾನಕ್ಕೆ ಬರುವವರು. ಇಷ್ಟು ಒಪ್ಪಿಕೊಳ್ಳೋಣ.

ಆದರೆ ಪುರುಷರ ಕಪ್‌ನಲ್ಲಿ ಏನು ಮಾಡಿದರು ನೋಡಿ. ಎಂಟನೇ ದರ್ಜೆಯ ಮರೀನ್ ಎಂಬ ಕ್ಲಬ್ ಲಿವರ್‌ಪೂಲ್ ಪಕ್ಕದ ಕ್ರಾಸ್ಬಿಯದು. ಮನೆಗಳ ಹಿತ್ತಿಲಿಗೆ ಅಂಟಿಕೊಂಡ ಮೈದಾನ. ಅವರೂ ಹಗಲು ಬೇರೆ ಕೆಲಸ ಮಾಡುವವರೇ. ಅವರ ಲೀಗ್ ನಿಂತಿತ್ತು, ಕಪ್ ಮಾತ್ರ ನಿಲ್ಲಲಿಲ್ಲ. ಪುರುಷರ ಕಪ್‌ನ ಮುಖ್ಯ ಸುತ್ತುಗಳನ್ನು ತಲುಪಿದ ಯಾವ ಕ್ಲಬ್ಬೇ ಆಗಲಿ, ಆ ಟೂರ್ನಿಯ ಮಟ್ಟಿಗೆ ಎಲೀಟ್ ಎಂದು ಪರಿಗಣಿಸಿದರು. ಹಾಗಾಗಿ 2021ರ ಜನವರಿ 10ರಂದು, ದೇಶಕ್ಕೆ ದೇಶವೇ ಮೂರನೇ ಲಾಕ್‌ಡೌನ್‌ನಲ್ಲಿ ಮನೆಯೊಳಗಿದ್ದಾಗ, ಮರೀನ್ ತಂಡ ಮೊದಲ ದರ್ಜೆಯ ಟಾಟನ್‌ಹ್ಯಾಮ್ ಎದುರು ಆಡಿತು, 0–5ರಿಂದ ಸೋತಿತು. ಟಿವಿಯಲ್ಲಿ ಅದನ್ನು ಎಲ್ಲರೂ ಸಂಭ್ರಮದಿಂದ ನೋಡಿದರು. ಸಂಭ್ರಮ ತಪ್ಪೇನಲ್ಲ, ಕಪ್ ಇರುವುದೇ ಅದಕ್ಕೆ. ಆದರೆ ಅದೇ ಭಾನುವಾರ ದೇಶದ ಮೂರನೇ ದರ್ಜೆಯ ಮಹಿಳಾ ಆಟಗಾರ್ತಿ ತಂಡದೊಂದಿಗೆ ಚೆಂಡು ಒದೆಯುವಂತಿರಲಿಲ್ಲ. ಒಂದು ಕಡೆ ದರ್ಜೆ ನೋಡದೆ ಟೂರ್ನಿ ನೋಡಿದರು, ಇನ್ನೊಂದು ಕಡೆ ಟೂರ್ನಿ ನೋಡದೆ ದರ್ಜೆ ನೋಡಿದರು. ಕಪ್ ನಿಂತದ್ದು ಇಲ್ಲಿ. ವೈರಸ್ ನಿಲ್ಲಿಸಿತು ಎನ್ನುವುದು ಅರ್ಧ ಸತ್ಯ, ಈ ಅಳತೆಗೋಲು ನಿಲ್ಲಿಸಿತು ಎನ್ನುವುದು ಉಳಿದರ್ಧ.

ಇಪ್ಪತ್ತು ದಿನ

2021ರ ಆರಂಭದ ತಿಂಗಳುಗಳಲ್ಲಿ ಎಫ್‌ಎ ಮುಂದೆ ಎರಡು ದಾರಿಗಳಿದ್ದವು. ಕೆಳಗಿನವರನ್ನು ಬಿಟ್ಟು ಎಲೀಟ್ ತಂಡಗಳಷ್ಟೇ ಸೇರಿ ಕಪ್ ಮುಗಿಸುವುದು, ಇಲ್ಲವೇ ಎಲ್ಲರೂ ಆಡುವಂತಾಗುವವರೆಗೆ ಕಾದು ಉಳಿದದ್ದನ್ನು ಮುಂದಿನ ಋತುವಿಗೆ ತಳ್ಳುವುದು. ಎರಡನೆಯದನ್ನು ಆರಿಸಿದರು, ಸರಿಯಾಗಿಯೇ ಆರಿಸಿದರು ಎಂಬುದು ನನ್ನ ಎಣಿಕೆ. ಮೊದಲನೆಯದು ಸುಲಭವಾಗಿತ್ತು, ಮೇ ತಿಂಗಳಿಗೆ ಟ್ರೋಫಿಯೂ ಸಿಗುತ್ತಿತ್ತು. ಆದರೆ ಅದನ್ನು ಆಮೇಲೆ ಎಫ್‌ಎ ಕಪ್ ಎನ್ನಲು ಬರುತ್ತಿರಲಿಲ್ಲ, ಅದು ಮೇಲಿನ ದರ್ಜೆಯವರಷ್ಟೇ ಆಡುವ ಇನ್ನೊಂದು ಲೀಗ್ ಕಪ್ ಆಗುತ್ತಿತ್ತು.

ಆಯ್ಕೆ ಸರಿ, ಅದರ ಬೆಲೆ ತೆತ್ತವರು ಬೇರೆ. ಇಂಗ್ಲೆಂಡಿನಲ್ಲಿ ಹವ್ಯಾಸಿ ಹೊರಾಂಗಣ ಆಟಗಳಿಗೆ ಮತ್ತೆ ಅನುಮತಿ ಸಿಕ್ಕಿದ್ದು ಮಾರ್ಚ್ 29ಕ್ಕೆ. ನಾಲ್ಕನೇ ಸುತ್ತು ನಿಗದಿಯಾದದ್ದು ಏಪ್ರಿಲ್ 18ರ ವಾರಾಂತ್ಯಕ್ಕೆ. ನಡುವೆ ಇಪ್ಪತ್ತು ದಿನ. ಚಳಿಗಾಲವಿಡೀ ಕಾಲಿಗೆ ಚೆಂಡು ತಾಗದ ತಂಡಗಳು ಅಷ್ಟರೊಳಗೆ ಅಭ್ಯಾಸ ಶುರುಮಾಡಿ, ಬಾಕಿ ಉಳಿದ ಸುತ್ತುಗಳನ್ನು ವಾರಕ್ಕೊಂದರಂತೆ ಆಡಿ ಮುಗಿಸಿ, ಸೂಪರ್ ಲೀಗ್‌ನವರ ಎದುರು ನಿಲ್ಲಬೇಕು. ಮಾಮೂಲಿ ಋತುಪೂರ್ವ ತಯಾರಿಗೆ ಆರು ವಾರ ಕೊಡುತ್ತಾರೆ. ಮೊದಲು ಉಸಿರು, ಆಮೇಲೆ ವೇಗ, ಕೊನೆಗೆ ಪಂದ್ಯ. ಈ ಕ್ರಮ ತಪ್ಪಿಸಿದರೆ ಮೊದಲು ಕೈಕೊಡುವುದು ತೊಡೆಯ ಹಿಂಭಾಗದ ಸ್ನಾಯು. ಅಲ್ಲಿಂದ ಪಾರಾದರೂ ಎಪ್ಪತ್ತನೇ ನಿಮಿಷದ ಹೊತ್ತಿಗೆ ಡಿಫೆಂಡರ್‌ಗಳ ನಡುವೆ ಅಂತರ ಹೆಚ್ಚುತ್ತದೆ, ಮಿಡ್‌ಫೀಲ್ಡರ್ ಹಿಂದಕ್ಕೆ ಓಡಿಬರುವುದು ಎರಡು ಹೆಜ್ಜೆ ತಡವಾಗುತ್ತದೆ, ಸ್ಕೋರು ಅಲ್ಲಿಂದ ಮುಂದೆ ಜಾರುತ್ತದೆ. ಎದುರಿಗಿದ್ದವರೋ, ಚಳಿಗಾಲ ಪೂರ್ತಿ ಲೀಗ್ ಆಡಿ ಹದಕ್ಕೆ ಬಂದವರು.

ಆರ್ಸೆನಲ್ 10, ಗಿಲ್ಲಿಂಗ್‌ಹ್ಯಾಮ್ 0. ಆ ವಾರಾಂತ್ಯದ ಈ ಫಲಿತಾಂಶ ನೋಡಿ ‘ಮಹಿಳಾ ಕಪ್‌ನಲ್ಲಿ ಪೈಪೋಟಿಯೇ ಇಲ್ಲ’ ಎಂದವರಿದ್ದಾರೆ. ಆರ್ಸೆನಲ್ ಯಾವ ವರ್ಷವಾದರೂ ಗೆಲ್ಲುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಈ ಕಪ್ಪನ್ನು 14 ಸಲ ಎತ್ತಿದ ಕ್ಲಬ್ ಅದು. ಆದರೆ ಪೂರ್ಣಾವಧಿ ವೃತ್ತಿಪರರ ಎದುರು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸಿದ್ದವರನ್ನು ನಿಲ್ಲಿಸಿ ಬಂದ ಸಂಖ್ಯೆಯಿಂದ ಪೈಪೋಟಿಯ ಬಗ್ಗೆ ತೀರ್ಪು ಕೊಡುವುದು ನ್ಯಾಯವಲ್ಲ.

ಮೇಯಲ್ಲಿ ಚಿಕ್ಕವರು, ಸೆಪ್ಟೆಂಬರ್‌ನಲ್ಲಿ ದೊಡ್ಡವರು

ಐದನೇ ಸುತ್ತು ಮೇ ತಿಂಗಳಲ್ಲಿ. ಈ ಋತುವಿನಲ್ಲಿ ನಾಕೌಟ್‌ನ ನಿಜವಾದ ರುಚಿ ಕೊಟ್ಟ ಪಂದ್ಯ ಇಲ್ಲಿದೆ. ಚಾಂಪಿಯನ್‌ಶಿಪ್‌ನ ಲೆಸ್ಟರ್ ಸಿಟಿ ಸೂಪರ್ ಲೀಗ್‌ನ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 3–2ರಿಂದ ಸೋಲಿಸಿತು. ಯುನೈಟೆಡ್‌ನ ಕೋಚ್ ಕೇಸಿ ಸ್ಟೋನಿ ಹುದ್ದೆ ಬಿಡುವುದಾಗಿ ಆಗಲೇ ಹೇಳಿದ್ದರು, ಅವರ ಕೊನೆಯ ಪಂದ್ಯ ಇದೇ ಆಯಿತು. ಲೆಸ್ಟರ್ ಆ ವರ್ಷ ತನ್ನ ಡಿವಿಷನ್ ಗೆದ್ದು ಸೂಪರ್ ಲೀಗ್‌ಗೆ ಬಡ್ತಿ ಪಡೆದಿತ್ತು. ಅಂಥ ತಂಡಕ್ಕೆ ಗೆಲುವಿನ ರೂಢಿ ಇರುತ್ತದೆ, ಸೂಪರ್ ಲೀಗ್‌ನ ಬಾಗಿಲಲ್ಲಿ ನಿಂತ ತಂಡಕ್ಕೆ ಒಳಗೆ ನಾಲ್ಕನೇ ಸ್ಥಾನಕ್ಕೆ ಬಿದ್ದು ನೊಂದ ಯುನೈಟೆಡ್ ಸಿಕ್ಕಿದರೆ ಹೀಗಾಗುವುದು ಪವಾಡವೇನಲ್ಲ.

ವಿಚಿತ್ರ ಇರುವುದು ಮುಂದೆ. ಕ್ವಾರ್ಟರ್‌ಫೈನಲ್ ನಡೆದದ್ದು ಸೆಪ್ಟೆಂಬರ್ 29ರ ಬುಧವಾರ. ಆ ಹೊತ್ತಿಗೆ ಲೆಸ್ಟರ್ ತಾನೇ ಸೂಪರ್ ಲೀಗ್ ತಂಡ. ಮೇ ತಿಂಗಳಲ್ಲಿ ದೈತ್ಯನನ್ನು ಕೆಡವಿದ ಚಿಕ್ಕ ತಂಡ, ಅದೇ ಕಪ್‌ನ ಮುಂದಿನ ಸುತ್ತಿಗೆ ಬರುವಾಗ ದರ್ಜೆಯ ಲೆಕ್ಕದಲ್ಲಿ ದೈತ್ಯರ ಸಾಲಿನಲ್ಲಿತ್ತು. ಎದುರಿಗೆ ಮ್ಯಾಂಚೆಸ್ಟರ್ ಸಿಟಿ. ಆರು ಗೋಲುಗಳಿಂದ ಸೋತಿತು. ಕೊನೆಯ ಎಂಟರಲ್ಲಿ ಎರಡನೇ ದರ್ಜೆಯದಾಗಿ ಉಳಿದದ್ದು ಚಾರ್ಲ್ಟನ್ ಒಂದೇ, ಅವರು ಬ್ರೈಟನ್‌ಗೆ ಒಂದು ಗೋಲಿನಿಂದ ಶರಣಾದರು. ನನ್ನನ್ನು ಕೇಳಿದರೆ ಆ ಋತುವಿನ ಅತ್ಯಂತ ನಷ್ಟದ ತಂಡ ಲೆಸ್ಟರ್. ಮೇ ತಿಂಗಳ ಹುಮ್ಮಸ್ಸಿನಲ್ಲಿ, ಎರಡು ವಾರದಲ್ಲಿ ಕ್ವಾರ್ಟರ್‌ಫೈನಲ್ ಸಿಕ್ಕಿದ್ದರೆ ಸಿಟಿಯನ್ನು ಸೋಲಿಸುತ್ತಿತ್ತು ಎಂದಲ್ಲ. ಆದರೆ ಕಪ್‌ನಲ್ಲಿ ಅಲೆ ಎಂಬುದಿದೆ, ಒಂದು ಗೆಲುವು ಮುಂದಿನ ಪಂದ್ಯಕ್ಕೆ ಕಾಲುಗಳಿಗೆ ಕೊಡುವ ಬಲ. ನಾಲ್ಕೂವರೆ ತಿಂಗಳಲ್ಲಿ ಅದು ಇಂಗಿಹೋಗುತ್ತದೆ.

ತಂಡಗಳೂ ಬದಲಾದವು. ಆರ್ಸೆನಲ್ ತಂಡವನ್ನು ಏಪ್ರಿಲ್, ಮೇ ಸುತ್ತುಗಳಲ್ಲಿ ನಡೆಸಿದ್ದು ಜೋ ಮಾಂಟೆಮುರೊ. ಬೇಸಿಗೆಯಲ್ಲಿ ಅವರು ಯುವೆಂಟಸ್‌ಗೆ ಹೋದರು, ಸ್ವೀಡನ್ನಿನ ಯೋನಾಸ್ ಐಡೆವಾಲ್ ಬಂದರು. ಮಿಡ್‌ಫೀಲ್ಡ್‌ನಿಂದ ಡೇನಿಯೆಲ್ ವಾನ್ ಡೆ ಡಾಂಕ್ ಲಿಯಾನ್‌ಗೆ, ಯಿಲ್ ರೂರ್ಡ್ ವೋಲ್ಫ್ಸ್‌ಬುರ್ಗ್‌ಗೆ ಹೊರಟರು. ಫ್ರೀಡಾ ಮಾನುಮ್, ನಿಕಿಟಾ ಪ್ಯಾರಿಸ್, ಟೋಬಿನ್ ಹೀತ್ ಬಂದರು. ಹೀಗೆ ‘2020–21ರ ಫೈನಲಿಸ್ಟ್’ ಎಂದು ದಾಖಲೆಯಲ್ಲಿರುವ ಆರ್ಸೆನಲ್‌ಗೂ 2020–21ರಲ್ಲಿ ಆಡಿದ ಆರ್ಸೆನಲ್‌ಗೂ ಅಂಗಿ ಒಂದೇ, ಆಟದ ಕ್ರಮ ಬೇರೆ.

ಸೆಮಿಫೈನಲ್ ಅಕ್ಟೋಬರ್ 31ಕ್ಕೆ. ಆರ್ಸೆನಲ್ ಬ್ರೈಟನ್ ಎದುರು 3–0, ಚೆಲ್ಸಿ ಮ್ಯಾಂಚೆಸ್ಟರ್ ಸಿಟಿಯ ಮನೆಯಂಗಳದಲ್ಲಿ 3–0. ಎರಡನೆಯದರ ಮೇಲೆ ಸ್ವಲ್ಪ ನಿಲ್ಲಬೇಕು. 2020–21ರ ಲೀಗ್‌ನಲ್ಲಿ ಚೆಲ್ಸಿ 57 ಅಂಕ, ಸಿಟಿ 55. ಕೂದಲೆಳೆಯ ಅಂತರ. ಆ ವಸಂತದಲ್ಲಿ ಇವರಿಬ್ಬರ ಸೆಮಿಫೈನಲ್ ನಡೆದಿದ್ದರೆ ಯಾರೂ ಪಣ ಕಟ್ಟುತ್ತಿರಲಿಲ್ಲ. ಆದರೆ ನಡುವೆ ಟೋಕಿಯೊ ಒಲಿಂಪಿಕ್ಸ್ ಬಂತು. ಬ್ರಿಟನ್ ತಂಡದ ಬೆನ್ನೆಲುಬಾಗಿದ್ದವರು ಸಿಟಿಯ ಆಟಗಾರ್ತಿಯರೇ, ಅವರಿಗೆ ಬೇಸಿಗೆಯ ವಿಶ್ರಾಂತಿ ಸಿಗಲಿಲ್ಲ. ಲೂಸಿ ಬ್ರಾನ್ಜ್, ಸ್ಟೆಫ್ ಹೌಟನ್, ಗೋಲ್‌ಕೀಪರ್ ಎಲ್ಲಿ ರೋಬಕ್, ಒಬ್ಬರ ಹಿಂದೊಬ್ಬರು ಗಾಯಾಳುಗಳ ಪಟ್ಟಿ ಸೇರಿದರು. ಸೆಪ್ಟೆಂಬರ್‌ನಲ್ಲೇ ಆರ್ಸೆನಲ್ ಎದುರು ಲೀಗ್‌ನಲ್ಲಿ 0–5ರಿಂದ ಸೋತಿದ್ದ ತಂಡ ಅದು. ಚೆಲ್ಸಿ ಗೆದ್ದದ್ದು ಸುಳ್ಳಲ್ಲ, ಗೆದ್ದದ್ದು ಯಾವ ಸಿಟಿಯನ್ನು ಎಂಬುದನ್ನು ದಾಖಲೆ ಹೇಳುವುದಿಲ್ಲ.

ಡಿಸೆಂಬರ್ 5, ಭಾನುವಾರ

ಮುಂದೂಡಿದ ಫೈನಲ್‌ಗೆ ಎಫ್‌ಎ ಆರಿಸಿದ ದಿನ ಅರ್ಥಪೂರ್ಣವೂ ಹೌದು, ಮುಜುಗರದ್ದೂ ಹೌದು. ಸರಿಯಾಗಿ ನೂರು ವರ್ಷದ ಹಿಂದೆ, 1921ರ ಡಿಸೆಂಬರ್ 5ರಂದು, ಇದೇ ಎಫ್‌ಎ ತನ್ನ ಸದಸ್ಯ ಕ್ಲಬ್‌ಗಳ ಮೈದಾನದಲ್ಲಿ ಮಹಿಳೆಯರು ಆಡಕೂಡದು ಎಂದು ನಿರ್ಬಂಧ ಹೇರಿತ್ತು. ಫುಟ್‌ಬಾಲ್ ಹೆಂಗಸರಿಗೆ ಹೊಂದುವ ಆಟವಲ್ಲ ಎಂಬುದು ಒಂದು ಕಾರಣ, ಪಂದ್ಯದ ಹಣ ಧರ್ಮಕಾರ್ಯಕ್ಕೆ ಸರಿಯಾಗಿ ಹೋಗುತ್ತಿಲ್ಲ ಎಂಬುದು ಇನ್ನೊಂದು. ಅದಕ್ಕೆ ಒಂದು ವರ್ಷ ಮೊದಲು, 1920ರ ಡಿಸೆಂಬರ್ 26ರಂದು, ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಪ್ರೆಸ್ಟನ್‌ನ ಕಾರ್ಖಾನೆ ತಂಡ ಡಿಕ್, ಕೆರ್ ಲೇಡೀಸ್ ಆಡಿದಾಗ 53,000 ಜನ ಸೇರಿದ್ದರು. ಯಾರೂ ನೋಡದ ಆಟವನ್ನು ನಿಲ್ಲಿಸಿದ್ದಲ್ಲ, ತುಂಬ ಜನ ನೋಡುತ್ತಿದ್ದ ಆಟವನ್ನು ನಿಲ್ಲಿಸಿದ್ದು. ನಿರ್ಬಂಧ ಐವತ್ತು ವರ್ಷ ಹತ್ತಿರ ನಡೆಯಿತು. ಈ ಕಪ್‌ನ ಮೊದಲ ಫೈನಲ್ 1971ರ ಮೇ 9ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದಾಗ ಅದನ್ನು ಸಂಘಟಿಸಿದ್ದೂ ಎಫ್‌ಎ ಅಲ್ಲ, ಮಹಿಳೆಯರದೇ ಸಂಘ. ಸೌತಾಂಪ್ಟನ್ ಸ್ಕಾಟ್ಲೆಂಡಿನ ಸ್ಟೂವರ್ಟನ್ ಥಿಸಲ್ ತಂಡವನ್ನು 4–1ರಿಂದ ಸೋಲಿಸಿತು. ಎಫ್‌ಎ ಈ ಕಪ್ಪನ್ನು ಕೈಗೆ ತೆಗೆದುಕೊಂಡದ್ದು 1993ರಲ್ಲಿ.

ಇನ್ನು ಪಂದ್ಯ. ವೆಂಬ್ಲಿಯಲ್ಲಿ 40,942 ಪ್ರೇಕ್ಷಕರು, ಡಿಸೆಂಬರ್ ಚಳಿಗೆ ಒಳ್ಳೆಯ ಸಂಖ್ಯೆ. ಆರ್ಸೆನಲ್ ಆಗ ಲೀಗ್‌ನಲ್ಲಿ ಸೋಲಿಲ್ಲದೆ ಮೊದಲ ಸ್ಥಾನದಲ್ಲಿತ್ತು. ಸೆಪ್ಟೆಂಬರ್ 5ರಂದು ಕ್ಲಬ್ಬಿನ ಎಮಿರೇಟ್ಸ್ ಸ್ಟೇಡಿಯಂನಲ್ಲಿ ಚೆಲ್ಸಿಯನ್ನು 3–2ರಿಂದ ಮಣಿಸಿತ್ತು. ಆದರೆ ಹಿಂದಿನಿಂದ ಆಟ ಕಟ್ಟುತ್ತಿದ್ದ ಲಿಯಾ ವಿಲಿಯಮ್ಸನ್ ಗಾಯದಿಂದ ಹೊರಗಿದ್ದರು, ಮತ್ತು ಚೆಲ್ಸಿಯ ಕೋಚ್ ಎಮ್ಮಾ ಹೇಯ್ಸ್ ಆ ಖಾಲಿ ಜಾಗಕ್ಕೇ ಗುರಿಯಿಟ್ಟಿದ್ದರು. ಗೋಲ್‌ಕೀಪರ್‌ನಿಂದ ಸಣ್ಣ ಪಾಸ್ ಹೊರಡಿಸಿ ಮುಂದೆ ಸಾಗುವ ತಂಡವನ್ನು ಅಲ್ಲೇ ಒತ್ತಿ ಹಿಡಿಯಬೇಕಾದರೆ ಮೂವರು ಮುಂಚೂಣಿಯವರು ಒಟ್ಟಿಗೆ ಓಡಬೇಕು, ಅವರ ಹಿಂದೆ ಇಬ್ಬರು ಬದಿಯವರು ಧೈರ್ಯವಾಗಿ ಮೇಲೆ ಬರಬೇಕು. ಒಬ್ಬರು ತಡಮಾಡಿದರೂ ಒಂದೇ ಪಾಸ್‌ನಲ್ಲಿ ಇಡೀ ಬಲೆ ಹರಿಯುತ್ತದೆ. ಚೆಲ್ಸಿಯ ಮೂವರು ಡಿಫೆಂಡರ್‌ಗಳು ಹಿಂದೆ ನಿಂತದ್ದರಿಂದಲೇ ಮುಂದಿನವರಿಗೆ ಆ ಧೈರ್ಯ ಬಂದದ್ದು.

ಮೂರನೇ ನಿಮಿಷದಲ್ಲೇ ಚೆಲ್ಸಿಯ ಫ್ರಾನ್ ಕರ್ಬಿ ಗೋಲು. ಸ್ಟೇಡಿಯಂಗೆ ತಡವಾಗಿ ಬಂದವರು ಇನ್ನೂ ಕುರ್ಚಿ ಹುಡುಕುತ್ತಿದ್ದ ಹೊತ್ತು. ಅಲ್ಲಿಂದ ವಿರಾಮದವರೆಗೆ ಅಂತರ ಒಂದೇ ಗೋಲಿನದಾಗಿ ಉಳಿದದ್ದು ಆರ್ಸೆನಲ್ ಕೀಪರ್ ಮನುಯೆಲಾ ಜಿನ್ಸ್‌ಬರ್ಗರ್ ಅವರ ಕೈಗಳಿಂದ. 0–3ರಿಂದ ಸೋತ ಪಂದ್ಯದಲ್ಲಿ ಸೋತ ತಂಡದ ಕೀಪರನ್ನು ಹೊಗಳುವುದು ವಿಚಿತ್ರವಾಗಿ ಕಾಣಬಹುದು, ಪಂದ್ಯ ನೋಡಿದವರು ಒಪ್ಪುತ್ತಾರೆ. 57ನೇ ನಿಮಿಷದಲ್ಲಿ ಚೆಲ್ಸಿಯ ಸ್ಯಾಮ್ ಕೆರ್ ಹತ್ತಿರದ ಕಂಬದ ಬಳಿ ಚೆಂಡು ನುಗ್ಗಿಸಿದರು. 77ರಲ್ಲಿ ಬಂದದ್ದು ಇಂದಿಗೂ ಮತ್ತೆ ಮತ್ತೆ ನೋಡುವ ಗೋಲು. ಕೀಪರ್ ಮುಂದೆ ಬಂದು ಕೋನ ಮುಚ್ಚಿದ್ದರು, ಅದು ಸರಿಯಾದ ನಿರ್ಧಾರವೇ. ಕೆರ್ ಬಲವಾಗಿ ಹೊಡೆಯಲಿಲ್ಲ. ಚೆಂಡಿನ ಅಡಿಗೆ ಪಾದದ ತುದಿ ಕೊಟ್ಟು ಎತ್ತಿದರು, ಅದು ಜಿನ್ಸ್‌ಬರ್ಗರ್ ತಲೆಯ ಮೇಲಿಂದ ಸಾಗಿ ಬಲೆಯೊಳಗೆ ಇಳಿಯಿತು. ಇಂಥ ಹೊಡೆತಕ್ಕೆ ಓಟದ ವೇಗವೇ ಶತ್ರು. ವೇಗದಲ್ಲಿ ಓಡುತ್ತಿರುವ ದೇಹ ಮುಂದಕ್ಕೆ ವಾಲಿರುತ್ತದೆ, ಚೆಂಡು ಏಳುವುದಿಲ್ಲ. ಕೊನೆಯ ಹೆಜ್ಜೆ ಗಿಡ್ಡವಾಗಬೇಕು, ಮೈ ಹಿಂದಕ್ಕೆ ಬರಬೇಕು, ಆದರೆ ಎದುರಿನವರಿಗೆ ಅದು ಗೊತ್ತಾಗಬಾರದು.

ಈ ಗೆಲುವಿನಿಂದ ಚೆಲ್ಸಿಗೆ 2020–21ರ ಮೂರೂ ದೇಶೀಯ ಟ್ರೋಫಿಗಳು ಸಿಕ್ಕಿದವು. ಮೊದಲನೆಯದಾದ ಲೀಗ್ ಕಪ್ ಗೆದ್ದದ್ದು ಮಾರ್ಚ್ 14ಕ್ಕೆ, ಬ್ರಿಸ್ಟಲ್ ಸಿಟಿ ಎದುರು 6–0. ಕೊನೆಯದು ಡಿಸೆಂಬರ್ 5ಕ್ಕೆ. ಒಂದು ‘ಋತು’ವಿನ ಟ್ರೆಬಲ್ ಪೂರೈಸಲು 266 ದಿನ.

ಸಂಭ್ರಮದ ಬಿಲ್ ಬೇಗ ಬಂತು. ಫೈನಲ್ ಮುಗಿದ ಮೂರನೇ ದಿನ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನಲ್ಲಿ ಯುವೆಂಟಸ್ ಎದುರು 0–0. 11ರಂದು ಲೀಗ್‌ನಲ್ಲಿ ರೆಡಿಂಗ್ ಎದುರು 0–1. 16ರಂದು ವೋಲ್ಫ್ಸ್‌ಬುರ್ಗ್‌ನಲ್ಲಿ 0–4, ಗುಂಪಿನ ಹಂತದಲ್ಲೇ ಯುರೋಪಿನಿಂದ ಹೊರಗೆ. ಫೈನಲ್‌ನಲ್ಲಿ ಮೂರು ಗೋಲು ಹೊಡೆದವರು ಮುಂದಿನ ಮೂರು ಪಂದ್ಯಗಳಲ್ಲಿ ಒಂದನ್ನೂ ಹೊಡೆಯಲಿಲ್ಲ. ಆರ್ಸೆನಲ್‌ಗೂ ಯುರೋಪಿನಲ್ಲಿ ಹೊಡೆತ ಬಿತ್ತು: 9ರಂದು ಬಾರ್ಸಿಲೋನಾ ಎದುರು 0–4, 15ರಂದು ಹಾಫನ್‌ಹೈಮ್ ಎದುರು 1–4. ಕಪ್ ಫೈನಲ್ ಮೇ ತಿಂಗಳಲ್ಲಿರುವುದು ಸಂಪ್ರದಾಯಕ್ಕೆ ಮಾತ್ರವಲ್ಲ. ಆಟಗಾರರು ಆ ದಿನ ಮೈಯಲ್ಲಿರುವುದನ್ನೆಲ್ಲ ಮೈದಾನದಲ್ಲಿ ಸುರಿದುಬಿಡುತ್ತಾರೆ, ಆಮೇಲೆ ರಜೆ ಇರಬೇಕು. (ನಮ್ಮಲ್ಲಿ ತೊಂದರೆ ಇದರ ತದ್ವಿರುದ್ಧ. 2022–23ರ ಇಂಡಿಯನ್ ವುಮೆನ್ಸ್ ಲೀಗ್ ಇಡಿಯಾಗಿ ಅಹಮದಾಬಾದಿನಲ್ಲಿ ಏಪ್ರಿಲ್ ಕೊನೆಯಿಂದ ಮೇ 21ರೊಳಗೆ ಮುಗಿಯಿತು. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಫೈನಲ್‌ವರೆಗೆ ಹೋಗಿ ಗೋಕುಲಂ ಕೇರಳ ಎದುರು 0–5ರಿಂದ ಸೋತಿತು. ಆ ಬಿಸಿಲಲ್ಲಿ, ಅಷ್ಟು ಪಂದ್ಯಗಳ ಮೇಲೆ ಆಡಿದ ಫೈನಲ್‌ನ ಸ್ಕೋರನ್ನೂ ಹುಷಾರಾಗಿ ಓದಬೇಕು.)

25,000 ಪೌಂಡ್

ಆ ಕಪ್ ಗೆದ್ದದ್ದಕ್ಕೆ ಚೆಲ್ಸಿ ಮಹಿಳೆಯರಿಗೆ ಬಂದ ಬಹುಮಾನ 25,000 ಪೌಂಡ್. ಅದೇ ಋತುವಿನ ಪುರುಷರ ಕಪ್ ಗೆದ್ದ ಲೆಸ್ಟರ್‌ಗೆ 18 ಲಕ್ಷ ಪೌಂಡ್. ಮಹಿಳಾ ಕಪ್‌ನ ಎಲ್ಲ ಸುತ್ತುಗಳ ಬಹುಮಾನ ಸೇರಿಸಿದರೂ ಮೂರು ಲಕ್ಷ ಪೌಂಡ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. 2017ರಿಂದಲೇ ಪುರುಷ, ಮಹಿಳಾ ತಂಡಗಳಿಗೆ ಸಮಾನ ಬಜೆಟ್ ಕೊಡುತ್ತಿದ್ದ ಲೂಯಿಸ್ ಎಂಬ ಪುಟ್ಟ ಕ್ಲಬ್ ಈ ಅಂತರ ಏಕೆ ಎಂದು ಗಟ್ಟಿಯಾಗಿ ಕೇಳತೊಡಗಿತು.

ಚೆಲ್ಸಿಯಂಥ ಕ್ಲಬ್‌ಗೆ 25,000 ಪೌಂಡ್ ಬಂದರೂ ಒಂದೇ, ಬಾರದಿದ್ದರೂ ಒಂದೇ. ಹಾಗಾಗಿ ಚರ್ಚೆ ವಿಜೇತರ ಮೊತ್ತದ ಸುತ್ತ ಸುತ್ತಿದಾಗೆಲ್ಲ ಅಸಲು ವಿಷಯ ತಪ್ಪುತ್ತದೆ. ಬಹುಮಾನದ ಹಣ ನಿಜವಾಗಿ ಕೆಲಸ ಮಾಡುವುದು ಮೊದಲ ಮೂರು ಸುತ್ತುಗಳಲ್ಲಿ. ಒಂದು ಪಂದ್ಯ ಗೆದ್ದರೆ ಫಿಸಿಯೋ ಒಬ್ಬರನ್ನು ವಾರಕ್ಕೆ ಎರಡು ಸಂಜೆ ಇಟ್ಟುಕೊಳ್ಳಬಹುದೇ, ಫ್ಲಡ್‌ಲೈಟ್ ಇರುವ ಮೈದಾನದ ಬಾಡಿಗೆ ಕಟ್ಟಬಹುದೇ, ದೂರದ ಪಂದ್ಯಕ್ಕೆ ಹಿಂದಿನ ರಾತ್ರಿ ಹೋಗಿ ಉಳಿಯಬಹುದೇ ಎಂಬುದು ಅಲ್ಲಿನ ಲೆಕ್ಕ. ‘ಎಲೀಟ್’ ಪಟ್ಟಿಗೆ ಮೂರನೇ ದರ್ಜೆ ಸೇರದೆ ಹೋದದ್ದು ಯಾವುದರ ಕೊರತೆಯಿಂದ ಎಂದು ನೆನೆಸಿಕೊಂಡರೆ ಎರಡೂ ಒಂದೇ ದಾರದ ಎರಡು ತುದಿ. ಮುಂದೆ ಒಟ್ಟು ಮೊತ್ತ 2022–23ಕ್ಕೆ 30 ಲಕ್ಷ ಪೌಂಡ್ ಆಯಿತು, 2023–24ಕ್ಕೆ 60 ಲಕ್ಷ. 2023ರ ಮೇ ತಿಂಗಳ ಫೈನಲ್‌ಗೆ 77,390 ಜನ ಬಂದರು, ಚೆಲ್ಸಿ 1–0ರಿಂದ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಗೆದ್ದಿತು, ಗೋಲು ಮತ್ತೆ ಕೆರ್ ಅವರದೇ. ಆ 60 ಲಕ್ಷದಲ್ಲಿ ನಾಲ್ಕನೇ ಸುತ್ತಿಗಿಂತ ಮೊದಲೇ ಹಂಚಿಹೋಗುವ ಪಾಲು ಎಷ್ಟೆಂದು ಪ್ರತಿ ವರ್ಷ ಮೊದಲು ನೋಡಬೇಕು, ವಿಜೇತರ ಚೆಕ್‌ನ ಮೊತ್ತ ಆಮೇಲೆ ನೋಡಿದರೂ ನಡೆಯುತ್ತದೆ.